ಕಣ್ಣೋಟದಿಂದ ಗಣಕಯಂತ್ರ ಬಳಕೆ

ಮುಂಬಯಿಯ ಜೋಗೇಶ್ವರಿ ಪೂರ್ವದಲ್ಲಿ, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಮಗ್ಗುಲಿಗೆ, ಮಹಾನಗರಪಾಲಿಕೆಯ ಅಪಘಾತ ಚಿಕಿತ್ಸಾ ಆಸ್ಪತ್ರೆಯೊಂದು 2013ರಿಂದ ಕೆಲಸ ಮಾಡುತ್ತಿದೆ. ದ್ವಿಚಕ್ರ ವಾಹನದಿಂದ ಬಿದ್ದವರು, ಲೋಕಲ್ ರೈಲಿನ ಬಾಗಿಲಿನಿಂದ ಜಾರಿದವರು, ಕಟ್ಟಡದ ಸಾರುವೆಯಿಂದ ಉರುಳಿದ ಕೂಲಿಕಾರರು ಮಹಾನಗರದ ಇಂತಹ ಆಸ್ಪತ್ರೆಗಳಿಗೆ ಬರುತ್ತಿರುತ್ತಾರೆ. ಜೀವ ಉಳಿಯಿತೆಂಬ ಸಮಾಧಾನದೊಡನೆ ಮನೆಗೆ ಮರಳಿದವರಲ್ಲಿ ಕೆಲವರಿಗೆ ಕತ್ತಿನ ಭಾಗದ ಬೆನ್ನುಹುರಿಗೆ ಪೆಟ್ಟು ಬಿದ್ದು ಕೈಕಾಲುಗಳು ಸ್ವಾಧೀನ ತಪ್ಪಿರುತ್ತವೆ. ಅಪಘಾತವಿಲ್ಲದೆಯೂ ಈ ಸ್ಥಿತಿ ಬರುವುದುಂಟು. ಹುಟ್ಟಿನ ಆಸುಪಾಸಿನಲ್ಲಿ ಮಿದುಳಿಗೆ ಹಾನಿಯಾಗಿ ಉಂಟಾಗುವ ಸೆರೆಬ್ರಲ್ ಪಾಲ್ಸಿ, ಸ್ನಾಯುಗಳನ್ನು ನಡೆಸುವ ನರಕೋಶಗಳೇ ಕ್ರಮೇಣ ನಶಿಸುವ ಎ.ಎಲ್.ಎಸ್. ಎಂಬ ವ್ಯಾಧಿ, ಮಿದುಳಿನ ಕಾಂಡಭಾಗದಲ್ಲಿ ಸಂಭವಿಸುವ ರಕ್ತಸಂಚಾರದ ಆಘಾತ, ಇವೆಲ್ಲವೂ ಕೈಗಳ ಚಲನೆಯನ್ನು ಕಸಿಯಬಲ್ಲವು. ಅನೇಕರಲ್ಲಿ ಮಾತೂ ನಿಂತುಹೋಗುತ್ತದೆ.

ಮಾತು ನಿಂತವರ ವಿಷಯದಲ್ಲಿ ಮನೆಯವರೂ ನೆರೆಹೊರೆಯವರೂ ಅರಿಯದೆಯೇ ಒಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಮಾತಿಲ್ಲವೆಂದ ಮೇಲೆ ತಿಳಿವಳಿಕೆಯೂ ಇಲ್ಲವೆಂದು ಭಾವಿಸಲಾಗುತ್ತದೆ. ಹಾಸಿಗೆಯ ಬಳಿಯಲ್ಲಿಯೇ ನಿಂತು ರೋಗಿಯ ಆಯುಸ್ಸನ್ನು ಕುರಿತು ಚರ್ಚಿಸುವುದು, ಊರಿನ ಜಮೀನನ್ನು ಮಾರುವ ಮಾತನ್ನು ಅವರ ತಲೆಯ ಮೇಲಿಂದಲೇ ಆಡಿ ಮುಗಿಸುವುದು ಅಪರೂಪವೇನಲ್ಲ. ವಾಸ್ತವದಲ್ಲಿ ಇಂತಹವರಲ್ಲಿ ಬಹುಮಂದಿ ಎಲ್ಲವನ್ನೂ ಕೇಳಿ ಅರ್ಥಮಾಡಿಕೊಳ್ಳುತ್ತಿರುತ್ತಾರೆ. ಎಲ್ಲಿ ನೋವು, ಯಾವ ಔಷಧದಿಂದ ಹೊಟ್ಟೆ ತೊಳಸುತ್ತದೆ, ಯಾರು ಬಂದರೆ ಸಂತೋಷ ಎಂಬುದನ್ನು ತಿಳಿಸಲು ದಾರಿ ಇಲ್ಲವಾಗಿರುತ್ತದೆ ಅಷ್ಟೆ. ಆ ದಾರಿಗಳಲ್ಲಿ ಒಂದು ಕಣ್ಣಿನ ನೋಟ. ನೋಟವನ್ನು ಗುರುತಿಸಿ ಗಣಕಯಂತ್ರವನ್ನು ನಡೆಸುವ ಸಾಧನಗಳು ಈಗ ಪ್ರಯೋಗಶಾಲೆಯನ್ನು ದಾಟಿ ಮನೆಗಳಿಗೆ ಬಂದಿವೆ. ಅವು ಹೇಗೆ ಕೆಲಸ ಮಾಡುತ್ತವೆ, ಕನ್ನಡಿಗರ ಮನೆಯಲ್ಲಿ ಯಾವ ತೊಡಕುಗಳು ಎದುರಾಗುತ್ತವೆ, ಹಣವಿಲ್ಲದೆಯೂ ಯಾವುದನ್ನು ಇಂದೇ ಆರಂಭಿಸಬಹುದು ಎಂಬುದು ಇಲ್ಲಿನ ವಿಷಯ.

ಕಣ್ಣು ಏಕೆ ಉಳಿಯುತ್ತದೆ?

ಕೈಕಾಲುಗಳಿಗೆ ಹೋಗುವ ಆಜ್ಞೆಗಳು ಮಿದುಳಿನಿಂದ ಬೆನ್ನುಹುರಿಯ ಮೂಲಕ ಇಳಿದು ಸ್ನಾಯುಗಳನ್ನು ತಲುಪುತ್ತವೆ. ಹುರಿ ಕತ್ತಿನಲ್ಲಿ ಕಡಿದರೆ ಕೆಳಗಿನದೆಲ್ಲವೂ ಸ್ತಬ್ಧ. ಆದರೆ ಪ್ರತಿಯೊಂದು ಕಣ್ಣನ್ನೂ ತಿರುಗಿಸುವ ಆರು ಸ್ನಾಯುಗಳಿಗೆ ನರಗಳು ಬೆನ್ನುಹುರಿಯಿಂದ ಬರುವುದಿಲ್ಲ; ಅವು ನೇರವಾಗಿ ಮಿದುಳಿನ ಕಾಂಡದಿಂದಲೇ ಹೊರಡುತ್ತವೆ. ಆದ್ದರಿಂದ ಬೆನ್ನುಹುರಿಯ ಪೆಟ್ಟು ಕಣ್ಣನ್ನು ಮುಟ್ಟುವುದಿಲ್ಲ. ಎ.ಎಲ್.ಎಸ್. ವ್ಯಾಧಿಯಲ್ಲಿಯೂ ಕಣ್ಣಿನ ಚಲನೆ ಸಾಮಾನ್ಯವಾಗಿ ಬಹುಕಾಲ ಉಳಿಯುತ್ತದೆ. ಕಾಂಡಭಾಗದ ಆಘಾತದಲ್ಲಿ ಮಾತ್ರ ಹಾನಿ ಎಲ್ಲಿ ಆಗಿದೆ ಎಂಬುದನ್ನು ಅವಲಂಬಿಸಿ ಎಡಬಲದ ಚಲನೆ ಹೋಗಿ ಮೇಲೆ-ಕೆಳಗಿನ ಚಲನೆಯೊಂದೇ ಉಳಿಯುವುದುಂಟು.

ಫ್ರಾನ್ಸಿನ ಪತ್ರಿಕಾ ಸಂಪಾದಕ ಜಾನ್ ಡೊಮಿನಿಕ್ ಬೋಬಿಗೆ 1995ರ ಡಿಸೆಂಬರಿನಲ್ಲಿ ಇಂತಹ ಆಘಾತವಾಯಿತು. ಆತನ ವಶದಲ್ಲಿ ಉಳಿದದ್ದು ಎಡಗಣ್ಣಿನ ರೆಪ್ಪೆ. ಸಹಾಯಕಿಯು ಫ್ರೆಂಚ್ ಭಾಷೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಅಕ್ಷರಗಳಿಂದ ಮೊದಲುಗೊಂಡು ಒಂದೊಂದನ್ನೇ ಹೇಳುತ್ತ ಹೋಗುವಳು. ಬೇಕಾದ ಅಕ್ಷರ ಬಂದಾಗ ಆತ ರೆಪ್ಪೆ ಬಡಿಯುವನು. ಹೀಗೆ ಅಕ್ಷರ ಅಕ್ಷರವಾಗಿ ಹೇಳಿ ಬರೆಯಿಸಿದ ಆತ್ಮಕಥನವು 1997ರಲ್ಲಿ ಪ್ರಕಟವಾಯಿತು. ಅಲ್ಲಿ ಯಂತ್ರವೇ ಇರಲಿಲ್ಲ. ತಾಳ್ಮೆಯುಳ್ಳ ಒಬ್ಬ ಮನುಷ್ಯರೂ ಚಿಂತಿಸಿ ಜೋಡಿಸಿದ ಅಕ್ಷರಗಳ ಒಂದು ಸಾಲೂ ಇದ್ದವು.

ಯಂತ್ರವು ನೋಟವನ್ನು ಅರಿಯುವ ಬಗೆ

ಓದುವಾಗ ಕಣ್ಣು ಸಾಲಿನ ಮೇಲೆ ಸರಾಗವಾಗಿ ಜಾರುತ್ತದೆಂದು ತೋರಿದರೂ ಅದು ನಿಂತು ನಿಂತು ಜಿಗಿಯುತ್ತದೆ ಎಂಬುದನ್ನು ಪ್ಯಾರಿಸಿನ ನೇತ್ರವೈದ್ಯ ಎಮಿಲ್ ಜವಾಲ್ 1870ರ ದಶಕದ ಕೊನೆಯ ವೇಳೆಗೆ ಗಮನಿಸಿದ್ದನು. ಅಮೆರಿಕದ ಎಡ್ಮಂಡ್ ಹ್ಯೂಯಿ ಈ ಜಿಗಿತವನ್ನು ದಾಖಲಿಸಲು, ಮರಗಟ್ಟಿಸಿದ ಕಣ್ಣಿನ ಮೇಲೆ ಪ್ಲಾಸ್ಟರ್‌ನ ಸಣ್ಣ ಬಟ್ಟಲೊಂದನ್ನು ಕೂರಿಸಿ ಅದಕ್ಕೆ ಅಲ್ಯೂಮಿನಿಯಂ ಕಡ್ಡಿಯನ್ನು ಜೋಡಿಸಿದನು. ಅಂತಹ ಹಿಂಸೆಯಿಲ್ಲದ ಉಪಾಯವೊಂದು 1901ರಲ್ಲಿಯೇ ಹೊಳೆಯಿತು: ಕಣ್ಣಿನ ಮೇಲೆ ಬೆಳಕನ್ನು ಬಿಟ್ಟು, ಅಲ್ಲಿಂದ ಮರಳಿ ಹೊಳೆಯುವ ಬಿಂದುವಿನ ಛಾಯಾಚಿತ್ರ ತೆಗೆಯುವುದು. ಇಂದಿನ ಸಾಧನಗಳೂ ಮೂಲತಃ ಇದನ್ನೇ ಮಾಡುತ್ತವೆ.

ಪರದೆಯ ಕೆಳಅಂಚಿನಲ್ಲಿ ಒಂದು ತೆಳುವಾದ ಪಟ್ಟಿ ಇರುತ್ತದೆ. ಅದರಿಂದ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಹೊರಡುತ್ತದೆ. ಅದೇ ಪಟ್ಟಿಯಲ್ಲಿರುವ ಕ್ಯಾಮೆರಾ ಒಂದು ಸೆಕೆಂಡಿಗೆ ಹತ್ತಾರು ಬಾರಿ ಕಣ್ಣಿನ ಚಿತ್ರ ತೆಗೆಯುತ್ತದೆ. ಚಿತ್ರದಲ್ಲಿ ಎರಡು ಗುರುತುಗಳನ್ನು ಹುಡುಕಲಾಗುತ್ತದೆ: ಒಂದು, ಕಣ್ಣಿನ ಪಾಪೆಯ ನಡುಬಿಂದು, ಎರಡು, ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ ಮೇಲೆ ಬೆಳಕು ಮೂಡಿಸಿದ ಹೊಳಪುಬೊಟ್ಟು. ತಲೆ ಸ್ಥಿರವಾಗಿದ್ದು ನೋಟ ಮಾತ್ರ ಹೊರಳಿದಾಗ ಪಾಪೆ ಸರಿಯುತ್ತದೆ; ಹೊಳಪುಬೊಟ್ಟು ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತದೆ. ಇವೆರಡರ ನಡುವಣ ಅಂತರ ಮತ್ತು ದಿಕ್ಕಿನಿಂದ ನೋಟ ಪರದೆಯ ಯಾವ ಭಾಗದಲ್ಲಿದೆ ಎಂದು ಲೆಕ್ಕ ಹಾಕಲಾಗುತ್ತದೆ.

ಒಬ್ಬೊಬ್ಬರ ಕಣ್ಣಿನ ಆಕಾರ ಒಂದೊಂದು ಬಗೆಯದು. ಹೀಗಾಗಿ ಮೊದಲಿಗೆ ಹೊಂದಾಣಿಕೆ ಎಂಬ ಕ್ರಮವಿದೆ. ಪರದೆಯ ಮೇಲೆ ಐದು ಅಥವಾ ಒಂಬತ್ತು ಕಡೆ ಬೊಟ್ಟುಗಳು ಒಂದಾದ ಮೇಲೊಂದು ಮೂಡುತ್ತವೆ; ಬಳಸುವವರು ಅವುಗಳನ್ನು ನೋಡುತ್ತ ಹೋಗಬೇಕು. ಮಲಗಿದ ಭಂಗಿ ಬದಲಾದರೆ, ಮಂಚವನ್ನು ಸರಿಸಿದರೆ, ಪರದೆಯ ಕೋನ ತಪ್ಪಿದರೆ ಈ ಕ್ರಮವನ್ನು ಮತ್ತೆ ಮಾಡಬೇಕಾಗುತ್ತದೆ. ಸಾಧನ ಕೆಟ್ಟಿತೆಂದು ಮೂಲೆಗಿಡುವ ಮೊದಲು ಮನೆಯವರು ಪರೀಕ್ಷಿಸಬೇಕಾದದ್ದು ಇದನ್ನೇ.

ನಿಖರತೆಗೆ ಮಿತಿಯಿದೆ. ಉತ್ತಮ ಸಾಧನವೂ ಅರ್ಧದಿಂದ ಒಂದು ಡಿಗ್ರಿಯಷ್ಟು ತಪ್ಪಬಹುದು. 60 ಸೆಂಟಿಮೀಟರ್ ದೂರದ ಪರದೆಯಲ್ಲಿ ಒಂದು ಡಿಗ್ರಿ ಎಂದರೆ ಸುಮಾರು ಒಂದು ಸೆಂಟಿಮೀಟರ್. ಇದು ಯಂತ್ರದ ದೋಷ ಮಾತ್ರವಲ್ಲ. ಮನುಷ್ಯನ ಕಣ್ಣು ಅತಿ ಸ್ಪಷ್ಟವಾಗಿ ಕಾಣುವ ಪ್ರದೇಶವೇ ತೋಳು ಚಾಚಿ ಹಿಡಿದ ಹೆಬ್ಬೆರಳ ಉಗುರಿನಷ್ಟು. ಆ ಪ್ರದೇಶದೊಳಗೆ ಗಮನ ಎಲ್ಲಿದೆ ಎಂಬುದು ಕಣ್ಣಿನ ದಿಕ್ಕಿನಿಂದ ತಿಳಿಯುವುದಿಲ್ಲ. ಇದರ ಪರಿಣಾಮ ಕನ್ನಡ ಬರವಣಿಗೆಯ ಮೇಲೆ ಏನೆಂಬುದನ್ನು ಮುಂದೆ ವಿವರಿಸಲಾಗಿದೆ.

ನೋಡಿದ್ದೆಲ್ಲ ಆಜ್ಞೆಯಾದರೆ

ಕೈಗೆ ಇರುವ ಒಂದು ಸೌಕರ್ಯ ಕಣ್ಣಿಗಿಲ್ಲ. ಕೈಯಿಂದ ವಸ್ತುವನ್ನು ಮುಟ್ಟದೆ ಇರಬಹುದು. ಕಣ್ಣು ತೆರೆದಿರುವಷ್ಟು ಹೊತ್ತೂ ಅದು ಯಾವುದನ್ನಾದರೂ ನೋಡುತ್ತಲೇ ಇರುತ್ತದೆ, ಸೆಕೆಂಡಿಗೆ ಮೂರು ನಾಲ್ಕು ಬಾರಿ ಜಿಗಿಯುತ್ತದೆ. ನೋಡಿದ್ದೆಲ್ಲವೂ ಆಜ್ಞೆಯಾದರೆ ಪರದೆಯ ಮೇಲಿನ ಕಡತಗಳೆಲ್ಲ ತಾವಾಗಿ ತೆರೆದುಕೊಳ್ಳುತ್ತವೆ. ಅಮೆರಿಕದ ಸಂಶೋಧಕ ರಾಬರ್ಟ್ ಜೇಕಬ್ 1990ರಲ್ಲಿ ಈ ತೊಡಕಿಗೆ ಮುಟ್ಟಿದ್ದನ್ನೆಲ್ಲ ಚಿನ್ನವಾಗಿಸಿ ಉಪವಾಸ ಬಿದ್ದ ಮಿಡಾಸ್ ದೊರೆಯ ಹೆಸರನ್ನು ಬಳಸಿದನು. ಕನ್ನಡ ಓದುಗರಿಗೆ ಭಸ್ಮಾಸುರನ ವರ ಇನ್ನೂ ಹತ್ತಿರದ ಹೋಲಿಕೆ ಎನಿಸೀತು.

ಇದಕ್ಕೆ ಪರಿಹಾರವೆಂದರೆ ನೋಟವನ್ನು ನಿಲ್ಲಿಸುವುದು. ಸಹಜವಾಗಿ ಓದುವಾಗ ಕಣ್ಣು ಒಂದೆಡೆ ಕಾಲು ಸೆಕೆಂಡಿನಷ್ಟು ನಿಲ್ಲುತ್ತದೆ. ಬೇಕೆಂದೇ ಅದಕ್ಕಿಂತ ಹೆಚ್ಚು ಹೊತ್ತು, ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ, ಒಂದೇ ಗುಂಡಿಯನ್ನು ನೋಡಿದರೆ ಅದನ್ನು ಒತ್ತಿದಂತೆ ಎಣಿಸಲಾಗುತ್ತದೆ. ಅವಧಿ ಚಿಕ್ಕದಾದರೆ ತಪ್ಪು ಅಕ್ಷರಗಳು ಬೀಳುತ್ತವೆ. ದೊಡ್ಡದಾದರೆ ಬರವಣಿಗೆ ಆಮೆಯ ನಡಿಗೆಯಾಗಿ ಕಣ್ಣು ಸೋಲುತ್ತದೆ. ಬಳಸುವವರಿಗೆ ಯಾವ ಅವಧಿ ಒಗ್ಗುತ್ತದೆ ಎಂಬುದನ್ನು ಕೆಲವು ದಿನಗಳ ಅಭ್ಯಾಸದಿಂದ ಕಂಡುಕೊಳ್ಳಬೇಕು. ಈ ವಿಧಾನದಲ್ಲಿ ಹೊಸಬರು ಇಂಗ್ಲಿಷಿನಲ್ಲಿ ನಿಮಿಷಕ್ಕೆ 5ರಿಂದ 10 ಪದಗಳನ್ನು ಬರೆಯುತ್ತಾರೆ. ಮುಂದಿನ ಪದವನ್ನು ಊಹಿಸಿ ಕೊಡುವ ತಂತ್ರಾಂಶವಿದ್ದರೆ ಮತ್ತು ಅಭ್ಯಾಸ ಕೂಡಿದರೆ ವೇಗ ಹೆಚ್ಚುತ್ತದೆ.

ಈ ಸೌಲಭ್ಯವು 2017ರಲ್ಲಿ ವಿಂಡೋಸ್ ವ್ಯವಸ್ಥೆಗೆ ಸೇರಿತು. ಅದಕ್ಕೆ ಹೊರಗಿನಿಂದ ಜೋಡಿಸುವ ಪಟ್ಟಿ ಬೇಕು. 2015ರಿಂದ ಲಭ್ಯವಿರುವ ಆಪ್ಟಿಕೀ ಎಂಬ ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. 2020ರಲ್ಲಿ ಗೂಗಲ್ ಸಂಸ್ಥೆಯು ನೋಟದಿಂದ ವಾಕ್ಯವನ್ನು ಆಯ್ದು ಗಟ್ಟಿಯಾಗಿ ನುಡಿಯಿಸುವ ಉಚಿತ ಆನ್ವಯಿಕವನ್ನು ಆಂಡ್ರಾಯ್ಡ್ ಫೋನುಗಳಿಗೆ ಒದಗಿಸಿತು. 2024ರಲ್ಲಿ ಆಪಲ್ ಕಂಪನಿಯ ಹೊಸ ಫೋನುಗಳಲ್ಲಿ ಮುಂಭಾಗದ ಕ್ಯಾಮೆರಾವೇ ನೋಟವನ್ನು ಗುರುತಿಸುವ ಏರ್ಪಾಡು ಬಂದಿತು. ಫೋನಿನ ಕ್ಯಾಮೆರಾದ ನಿಖರತೆ ಅವಗೆಂಪು ಪಟ್ಟಿಯಷ್ಟಿಲ್ಲ. ಆದರೂ ನಾಲ್ಕಾರು ದೊಡ್ಡ ಗುಂಡಿಗಳಲ್ಲಿ ಒಂದನ್ನು ಆರಿಸಲು ಅದು ಸಾಕಾಗುತ್ತದೆ. ಬೆಲೆಯ ಅಂತರ ಬಹಳ. ಕುರ್ಚಿಗೆ ಅಳವಡಿಸುವ, ಧ್ವನಿಸಹಿತವಾದ ವಿಶೇಷ ಯಂತ್ರಗಳಿಗೆ ಕೆಲವು ಲಕ್ಷ ರೂಪಾಯಿ ತಗಲುತ್ತದೆ.

ಕನ್ನಡದ ಅಕ್ಷರಗಳು ಪರದೆಯ ಮೇಲೆ

ವಿದೇಶದಲ್ಲಿ ತಯಾರಾದ ಸಾಧನವು ಇಪ್ಪತ್ತಾರು ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿರುತ್ತದೆ. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳು. ಇದರ ಮೇಲೆ ಗುಣಿತಾಕ್ಷರ, ಒತ್ತಕ್ಷರಗಳು. ನೋಟದ ನಿಖರತೆಗೆ ತಕ್ಕಂತೆ ಒಂದು ಗುಂಡಿಗೆ ಮೂರು ಸೆಂಟಿಮೀಟರ್ ಅಗಲ ಕೊಟ್ಟರೆ ಸಾಧಾರಣ ಲ್ಯಾಪ್‌ಟಾಪಿನ ಪರದೆಯಲ್ಲಿ ಒಂದು ಸಾಲಿಗೆ ಹನ್ನೊಂದು ಗುಂಡಿಗಳು ಹಿಡಿಸುತ್ತವೆ. ಬರೆದದ್ದನ್ನು ಕಾಣಲು ಅರ್ಧ ಪರದೆಯನ್ನು ಬಿಟ್ಟರೆ ಮೂರು ಸಾಲು, ಅಂದರೆ 33 ಗುಂಡಿಗಳು. ಎಲ್ಲ ಅಕ್ಷರಗಳಿಗೂ ಅಲ್ಲಿ ಎಡೆಯಿಲ್ಲ.

ಕರ್ನಾಟಕದಲ್ಲಿ ಬಳಕೆಯಲ್ಲಿರುವ ನುಡಿ ತಂತ್ರಾಂಶದ ಕೀಲಿಮಣೆಯು ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದೆ. ಇಪ್ಪತ್ತಾರು ಕೀಲಿಗಳಲ್ಲಿಯೇ ಕನ್ನಡವನ್ನೆಲ್ಲ ಅಡಗಿಸಿದ ಜಾಣ್ಮೆ ಅದರದು. ಕೀಲಿಗಳು ಕಡಿಮೆಯಾದ್ದರಿಂದ ಕಣ್ಣಿಗೂ ಅದು ಅನುಕೂಲವೆನಿಸುತ್ತದೆ. ಆದರೆ ಬೆರಳಿಗೆ ಭಾರವಲ್ಲದ ಒಂದು ಸಂಗತಿ ಕಣ್ಣಿಗೆ ಭಾರವಾಗುತ್ತದೆ. ದೀರ್ಘಸ್ವರಕ್ಕೂ ಮಹಾಪ್ರಾಣಕ್ಕೂ ಮೂರ್ಧನ್ಯಾಕ್ಷರಗಳಲ್ಲಿ ಕೆಲವಕ್ಕೂ ಶಿಫ್ಟ್ ಕೀಲಿಯನ್ನು ಜೊತೆಗೆ ಒತ್ತಬೇಕು. ಬೆರಳುಗಳು ಎರಡು ಕೀಲಿಗಳನ್ನು ಒಟ್ಟಿಗೆ ಒತ್ತುತ್ತವೆ. ನೋಟ ಒಂದನ್ನು ಮುಗಿಸಿಯೇ ಇನ್ನೊಂದಕ್ಕೆ ಹೋಗಬೇಕು. ‘ಅಕ್ಕ’ ಎಂದು ಬರೆಯಲು ಅ, ಕ, ಒತ್ತಿನ ಕೀಲಿ, ಮತ್ತೆ ಕ, ಹೀಗೆ ನಾಲ್ಕು ನೋಟಗಳು. ‘ಅಣ್ಣ’ ಎನ್ನಲು ಣಕಾರಕ್ಕೆ ಎರಡು ಬಾರಿಯೂ ಶಿಫ್ಟ್ ಬೇಕಾಗಿ ಆರು ನೋಟಗಳು. ಒಂದು ನೋಟಕ್ಕೆ ಹುಡುಕುವ ವೇಳೆಯೂ ಸೇರಿ ಒಂದೂವರೆ ಸೆಕೆಂಡು ಹಿಡಿದರೆ ಅಕ್ಕನನ್ನು ಆರು ಸೆಕೆಂಡಿನಲ್ಲಿ ಕರೆಯಬಹುದು. ಅಣ್ಣ ಒಂಬತ್ತು ಸೆಕೆಂಡು ಕಾಯಬೇಕು. ‘ನೀರು ಬೇಕು’ ಎಂಬಷ್ಟಕ್ಕೆ, ನಡುವಣ ತೆರಪೂ ಸೇರಿ, ಹನ್ನೊಂದು ನೋಟಗಳು, ಹದಿನಾರು ಸೆಕೆಂಡಿಗೂ ಮಿಗಿಲು. ಬಾಯಾರಿದವರಿಗೆ ಇದು ದೀರ್ಘ.

ಆದ್ದರಿಂದ ಬಲ್ಲವರು ಮೊದಲು ಕೀಲಿಮಣೆಯನ್ನು ಕೊಡುವುದಿಲ್ಲ. ನೀರು, ನೋವು, ಹೊರಳಿಸಿ, ಕಫ, ಸೆಕೆ, ಫ್ಯಾನು, ಸಾಕು, ಬೇಡ ಎಂಬ ದಿನಬಳಕೆಯ ಮಾತುಗಳನ್ನು ಒಂದೊಂದು ದೊಡ್ಡ ಚೌಕದಲ್ಲಿಟ್ಟು ಒಂದೇ ನೋಟದಿಂದ ಧ್ವನಿ ಬರುವಂತೆ ಮಾಡುತ್ತಾರೆ. ‘ಬೇಡ’ ಮತ್ತು ‘ಸಾಕು’ ಎಂಬುವನ್ನು ಮನೆಯವರು ಮರೆಯುವುದೇ ಹೆಚ್ಚು. ಬಳಸುವವರು ಮೊದಲ ದಿನವೇ ಹುಡುಕುವುದು ಅವೆರಡನ್ನು. ಅಕ್ಷರಮಾಲೆಯ ಕೀಲಿಮಣೆ ಎರಡನೆಯ ಹಂತ. ಚೌಕಗಳಲ್ಲಿರುವುದು ಇತರರು ಊಹಿಸಿದ ಮಾತು. ಯಾರೂ ಊಹಿಸದ ಮಾತನ್ನು ಆಡಲು ಅಕ್ಷರಗಳೇ ಬೇಕು.

ಪಾರದರ್ಶಕ ಹಾಳೆ

ಸಾಧನ ಕೊಳ್ಳುವ ಮೊದಲು, ಅಥವಾ ಕೊಳ್ಳಲಾರದವರು ಅದರ ಬದಲಿಗೆ, ಮಾಡಿ ನೋಡಬೇಕಾದ ಉಪಕರಣ ಒಂದಿದೆ. ಬೋರ್ಡಿನಷ್ಟು ಗಡುಸಾದ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಮಧ್ಯದಲ್ಲಿ ಅಂಗೈಯಗಲದ ಕಿಂಡಿ. ಇಬ್ಬರು ಎದುರುಬದುರಾಗಿ, ನಡುವೆ ಹಾಳೆಯನ್ನು ಹಿಡಿದು ಕುಳಿತುಕೊಳ್ಳುತ್ತಾರೆ. ಒಬ್ಬರು ಅಕ್ಷರದ ಕಡೆ ನೋಡುತ್ತಾರೆ. ಇನ್ನೊಬ್ಬರು ಕಿಂಡಿಯ ಮೂಲಕ ಅವರ ಕಣ್ಣನ್ನು ನೋಡಿ ದಿಕ್ಕನ್ನು ಗುರುತಿಸುತ್ತಾರೆ. ಹೊರದೇಶಗಳಲ್ಲಿ 1970ರ ದಶಕದಿಂದಲೂ ಇದು ಬಳಕೆಯಲ್ಲಿದೆ.

ಈ ಹಾಳೆಗೆ ಕನ್ನಡ ವರ್ಣಮಾಲೆಯು ಇಂಗ್ಲಿಷಿಗಿಂತ ಚೆನ್ನಾಗಿ ಹೊಂದುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ವರ್ಗಗಳ ಕ್ರಮವೇ ಇದಕ್ಕೆ ಕಾರಣ. ಹಾಳೆಯ ಅಂಚಿನಲ್ಲಿ ಮೇಲೆ ಮೂರು, ಕೆಳಗೆ ಮೂರು, ಎಡಬಲಗಳಲ್ಲಿ ಒಂದೊಂದು, ಹೀಗೆ ಎಂಟು ಸ್ಥಾನಗಳಿವೆ. ಕವರ್ಗ, ಚವರ್ಗ, ಟವರ್ಗ, ತವರ್ಗ, ಪವರ್ಗಗಳಿಗೆ ಐದು ಸ್ಥಾನ. ಯ, ರ, ಲ, ವ, ಳ ಒಂದೆಡೆ. ಶ, ಷ, ಸ, ಹ ಇನ್ನೊಂದೆಡೆ. ಎಂಟನೆಯದರಲ್ಲಿ ಅ, ಆ, ಇ, ಉ, ಎ, ಒ, ಐ, ಔ ಎಂಬ ಸ್ವರಗಳು. ಇ ಈ, ಎ ಏ ಮೊದಲಾದ ಹ್ರಸ್ವದೀರ್ಘಗಳನ್ನು ಸಂದರ್ಭದಿಂದ ತಿಳಿದುಕೊಳ್ಳಬಹುದು. ಮೊದಲ ನೋಟ ಗುಂಪನ್ನು ಹೇಳುತ್ತದೆ. ಎರಡನೆಯ ನೋಟ ಆ ಗುಂಪಿನಲ್ಲಿ ಎಷ್ಟನೆಯ ಅಕ್ಷರವೆಂದು ಹೇಳುತ್ತದೆ. ಇದಕ್ಕಾಗಿ ಅದೇ ಎಂಟು ಸ್ಥಾನಗಳಿಗೆ 1ರಿಂದ 8ರವರೆಗೆ ಸಂಖ್ಯೆ ಬರೆದಿರಬೇಕು. ‘ನೋವು’ ಎನ್ನಲು ತವರ್ಗ, ಐದು, ಸ್ವರ, ಆರು, ಯರಲವ, ನಾಲ್ಕು, ಸ್ವರ, ನಾಲ್ಕು. ನಾಲ್ಕು ನೋಟಗಳಾಗುವಷ್ಟರಲ್ಲಿಯೇ ಎದುರಿಗಿರುವವರು ಪದವನ್ನು ಊಹಿಸಿ ಕೇಳುತ್ತಾರೆ. ಹೌದೆನ್ನಲು ಒಮ್ಮೆ ರೆಪ್ಪೆ ಮುಚ್ಚುವುದು, ಅಲ್ಲವೆನ್ನಲು ನೋಟವನ್ನು ಪಕ್ಕಕ್ಕೆ ಹೊರಳಿಸುವುದು ಎಂಬಂತಹ ಗೊತ್ತಾದ ಸಂಜ್ಞೆ ಇದ್ದರೆ ಸಾಕು.

ಜೋಗೇಶ್ವರಿಯಂತಹ ಉಪನಗರದ ಕನ್ನಡ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಕರಾವಳಿಯಿಂದಲೋ ಉತ್ತರ ಕರ್ನಾಟಕದಿಂದಲೋ ಬಂದ ಹಿರಿಯರಿಗೆ ಓದಲು ಬರುವುದು ಕನ್ನಡ. ಹಗಲು ನೋಡಿಕೊಳ್ಳಲು ಬರುವ ಆಯಾಗೆ ಮರಾಠಿ. ವರ್ಗಗಳ ಕ್ರಮ ಮರಾಠಿಯಲ್ಲಿಯೂ ಇದೇ ಆಗಿರುವುದರಿಂದ ಹಾಳೆಯ ಒಂದು ಮುಖದಲ್ಲಿ ಕನ್ನಡವನ್ನೂ ಅದರ ಹಿಂಬದಿಯಲ್ಲಿ ಅದೇ ಜಾಗಕ್ಕೆ ಸರಿಯಾಗಿ ದೇವನಾಗರಿಯನ್ನೂ ಅಂಟಿಸಬಹುದು. ಹಿರಿಯರು ಕನ್ನಡದ ನಕಾರವನ್ನು ನೋಡಿದರೆ ಆಯಾಗೆ ಮರಾಠಿಯ ನಕಾರವೇ ಕಾಣುತ್ತದೆ. ಹ್ರಸ್ವ ಎ, ಒಗಳು ಮರಾಠಿಯಲ್ಲಿಲ್ಲವೆಂಬುದು ಇಲ್ಲಿ ಅಡ್ಡಿಯಾಗದು. ‘ಪಾಣಿ’ ಎಂದು ಮರಾಠಿಯಲ್ಲಿ ಹೇಳುವಷ್ಟು ಭಾಷೆ ಮುಂಬಯಿಯಲ್ಲಿ ನೆಲೆಸಿದವರಿಗೆ ಬರುತ್ತದೆ. ಮಗನೊಡನೆ ಮಾತ್ರ ಅವರು ಕನ್ನಡದಲ್ಲಿ ಹೇಳಿಕೊಳ್ಳುತ್ತಾರೆ.

ಹಾಳೆಯಲ್ಲಿ ನುರಿತವರು ಯಂತ್ರಕ್ಕೆ ಬೇಗ ಒಗ್ಗುತ್ತಾರೆ. ಹಾಳೆಗೆ ವಿದ್ಯುತ್ತು ಬೇಡ, ಆಸ್ಪತ್ರೆಯ ವಾರ್ಡಿನಲ್ಲಿಯೂ ಆ್ಯಂಬುಲೆನ್ಸಿನಲ್ಲಿಯೂ ಬಳಸಬಹುದು. ಯಂತ್ರ ಬಂದ ಮೇಲೆಯೂ ಅದನ್ನು ಎಸೆಯಬಾರದೆಂದು ತಜ್ಞರು ಹೇಳುವುದು ಇದಕ್ಕಾಗಿಯೇ. ಆದರೆ ಹಾಳೆಯ ಕೊರತೆಯೂ ಸ್ಪಷ್ಟವಾಗಿದೆ. ಎದುರಿಗೆ ಒಬ್ಬರು ಕುಳಿತಿದ್ದರೆ ಮಾತ್ರ ಮಾತು. ಆಡಿದ ಪ್ರತಿಯೊಂದೂ ಅವರ ಮೂಲಕವೇ ಹೋಗಬೇಕು. ಐದಾರು ಜನ ಒಂದೇ ಕೋಣೆಯಲ್ಲಿ ಬಾಳುವ ಮನೆಯಲ್ಲಿ ಗೆಳೆಯನಿಗೊಂದು ಖಾಸಗಿ ಪತ್ರ ಬರೆಯುವ ಸ್ವಾತಂತ್ರ್ಯ ಯಂತ್ರದಿಂದ ಮಾತ್ರ ದೊರೆಯುತ್ತದೆ.

ಬೆಂಗಳೂರಿನ ಪ್ರಯೋಗಗಳು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ತ ಬಿಸ್ವಾಸ್ ಅವರ ತಂಡವು ಚೆನ್ನೈಯ ವಿದ್ಯಾಸಾಗರ್ ಸಂಸ್ಥೆಯ ವಿದ್ಯಾರ್ಥಿಗಳೊಡನೆ ನಡೆಸಿದ ಕೆಲಸ ಈ ಕ್ಷೇತ್ರದಲ್ಲಿ ಗಮನಾರ್ಹವಾದದ್ದು. ವಿದ್ಯಾಸಾಗರ್ 1985ರಿಂದ ಸೆರೆಬ್ರಲ್ ಪಾಲ್ಸಿ ಮೊದಲಾದ ತೊಂದರೆಗಳಿರುವ ಮಕ್ಕಳಿಗಾಗಿ ದುಡಿಯುತ್ತಿರುವ ಸಂಸ್ಥೆ. ಅಲ್ಲಿನ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಮಾತೂ ಇಲ್ಲ, ಕೈಗಳ ಮೇಲೆ ಹಿಡಿತವೂ ಇಲ್ಲ. ಸಾಮಾನ್ಯರಿಗೆಂದು ಮಾಡಿದ ನೋಟಸಾಧನವನ್ನು ಹಾಗೆಯೇ ತಂದಿಟ್ಟರೆ ಈ ಮಕ್ಕಳಿಗೆ ಅದು ಒಗ್ಗುವುದಿಲ್ಲವೆಂದು ಕಂಡುಬಂದಿತು. ಅವರ ನೋಟ ಗುರಿಯನ್ನು ತಲುಪುವ ಮುನ್ನ ಅತ್ತಿತ್ತ ಹೆಚ್ಚು ಅಲೆಯುತ್ತದೆ. ಪರದೆಯ ಎಲ್ಲ ಭಾಗಗಳೂ ಅವರಿಗೆ ಸಮಾನವಾಗಿ ಸುಲಭವಲ್ಲ. ಅವರ ನೋಟ ಎಲ್ಲಿ ನಿಲ್ಲುತ್ತದೆಂಬುದನ್ನು ಮೊದಲು ಅಳೆದು, ಗುಂಡಿಗಳ ಸ್ಥಾನವನ್ನು ಅದಕ್ಕೆ ತಕ್ಕಂತೆ ನಿರ್ಧರಿಸುವ ವಿಧಾನವನ್ನು ತಂಡವು ಅನುಸರಿಸಿತು.

2020-21ರ ವೇಳೆಗೆ ಇದೇ ತಂಡ ನೋಟದಿಂದ ನಡೆಯುವ ಯಂತ್ರತೋಳೊಂದನ್ನು ಪರಿಚಯಿಸಿತು. ತಲೆಗೆ ಏನನ್ನೂ ತೊಡಿಸದೆ, ಸಾಧಾರಣ ವೆಬ್‌ಕ್ಯಾಮೆರಾ ಮತ್ತು ಗಣಕಯಂತ್ರದ ನೆರವಿನಿಂದ, ಪರದೆಯ ಮೇಲೆ ನೋಡಿದ ಕಡೆಗೆ ತೋಳು ಚಲಿಸಿ ವಸ್ತುವನ್ನು ಎತ್ತಿಡುತ್ತದೆ. ಬಟ್ಟೆಯ ಮೇಲೆ ಅಚ್ಚೊತ್ತುವ ಕೆಲಸವನ್ನು ಇದಕ್ಕೆ ಆರಿಸಿಕೊಂಡದ್ದು ಅರ್ಥಪೂರ್ಣ. ನೋಟವನ್ನು ಮಾತಿನ ಬದಲಿಯೆಂದು ಮಾತ್ರ ಕಾಣದೆ ಸಂಪಾದನೆಯ ಸಾಧನವೆಂದೂ ಕಾಣುವ ಯೋಚನೆ ಅದರಲ್ಲಿದೆ.

ಜೋಗೇಶ್ವರಿ-ವಿಕ್ರೋಲಿ ಜೋಡುರಸ್ತೆಯ ಪೂರ್ವಭಾಗದಲ್ಲಿ, ಪವಾಯಿಯಲ್ಲಿರುವ ಮುಂಬಯಿ ಐ.ಐ.ಟಿ.ಯ ವಿನ್ಯಾಸ ವಿಭಾಗದಲ್ಲಿ ಜೆಲ್ಲೋ ಎಂಬ ಉಚಿತ ಆನ್ವಯಿಕ ರೂಪುಗೊಂಡಿದೆ. ಮಾತು ಬಾರದ ಮಕ್ಕಳು ಚಿತ್ರಗಳನ್ನು ಮುಟ್ಟಿ ಭಾರತೀಯ ಭಾಷೆಗಳಲ್ಲಿ ನುಡಿಯಿಸಲು ಅದು ನೆರವಾಗುತ್ತದೆ. ಅದು ಬೆರಳಿಗಾಗಿ ಮಾಡಿದ್ದು, ಕಣ್ಣಿಗಾಗಿ ಅಲ್ಲ. ಆದರೂ ಇಡ್ಲಿ, ರೊಟ್ಟಿ, ರಿಕ್ಷಾ, ಅಜ್ಜಿ ಇವು ಇಲ್ಲದ ಚಿತ್ರಕೋಶ ನಮ್ಮ ಮಕ್ಕಳಿಗೆ ನಿರುಪಯುಕ್ತ ಎಂಬ ಅರಿವಿನಿಂದ ಹುಟ್ಟುವ ಇಂತಹ ಕೆಲಸಗಳು ಮುಂದೆ ನೋಟಸಾಧನಗಳಿಗೂ ಬೇಕಾಗುತ್ತವೆ.

ಕಣ್ಣೇ ಏಕೆ? ಬೇರೆ ಏನಾದರೂ ಉಳಿದಿದೆಯೇ?

ಸಾಧನವನ್ನು ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕತ್ತಿನ ಪೆಟ್ಟಿನಿಂದ ಕೈಕಾಲು ಹೋಗಿದ್ದರೂ ಮಾತು ಸ್ಪಷ್ಟವಾಗಿದ್ದರೆ ಧ್ವನಿಯಿಂದಲೇ ಫೋನಿನಲ್ಲಿ ಕನ್ನಡವನ್ನು ಬರೆಯಿಸಬಹುದು; ಕಣ್ಣನ್ನು ದಣಿಸಬೇಕಾಗಿಲ್ಲ. ಮುಂಬಯಿಯಲ್ಲಿ ಮಿಥು ಆಲೂರ್ ಅವರು 1972ರಲ್ಲಿ ಸ್ಥಾಪಿಸಿದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಇಂದು ಅಡಾಪ್ಟ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಅವರ ಮಗಳು ಮಾಲಿನಿ ಚಿಬ್ ಸೆರೆಬ್ರಲ್ ಪಾಲ್ಸಿಯೊಡನೆ ಬಾಳುತ್ತ, ಒಂದೇ ಬೆರಳಿನಿಂದ ಕೀಲಿಗಳನ್ನು ಒತ್ತಿ ತಮ್ಮ ಆತ್ಮಕಥೆಯನ್ನು ಬರೆದರು. ಪುಸ್ತಕದ ಹೆಸರೂ ಆ ಬೆರಳನ್ನೇ ಕುರಿತದ್ದು. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಕೊನೆಯ ವರ್ಷಗಳಲ್ಲಿ ಕೆನ್ನೆಯ ಒಂದು ಸ್ನಾಯುವಿನ ಮಿಡಿತದಿಂದ ಗಣಕಯಂತ್ರವನ್ನು ನಡೆಸಿದರು. ಅವರ ಕಣ್ಣುರೆಪ್ಪೆಗಳು ಜೋಲುತ್ತಿದ್ದುದರಿಂದ ನೋಟಸಾಧನ ಅವರಿಗೆ ಹೊಂದಲಿಲ್ಲ. ದೇಹದಲ್ಲಿ ಅತ್ಯಂತ ನಂಬಿಕೆಗೆ ಅರ್ಹವಾದ ಚಲನೆ ಯಾವುದೋ ಅದನ್ನೇ ಆರಿಸಿಕೊಳ್ಳಬೇಕು. ಅದು ಕಣ್ಣಾಗಿರಬಹುದು, ಗಲ್ಲವಾಗಿರಬಹುದು, ಹೆಬ್ಬೆರಳ ತುದಿಯಾಗಿರಬಹುದು.

ಕಣ್ಣನ್ನು ಆರಿಸಿಕೊಂಡರೆ ಮೊದಲು ನೇತ್ರಪರೀಕ್ಷೆ ಆಗಬೇಕು. ಮಾಗಿದ ಪೊರೆ, ಕಣ್ಣುಗುಡ್ಡೆಯ ತಡೆಯಲಾಗದ ಅದುರು, ಎರಡು ಬಗೆಯ ಗಾಜುಳ್ಳ ಕನ್ನಡಕ, ಇವು ಸಾಧನವನ್ನು ತಬ್ಬಿಬ್ಬುಗೊಳಿಸುತ್ತವೆ. ಮಾಲುಗಣ್ಣಿದ್ದರೆ ಒಂದೇ ಕಣ್ಣನ್ನು ಹಿಂಬಾಲಿಸುವಂತೆ ಹೇಳಬಹುದು. ಬಿಸಿಲಿನಲ್ಲಿಯೂ ಅವಗೆಂಪು ಕಿರಣಗಳಿರುವುದರಿಂದ ತೆರೆದ ಬಾಗಿಲಿನ ಬೆಳಕು ಮುಖಕ್ಕೆ ನೇರವಾಗಿ ಬೀಳದಂತೆ ಮಂಚವನ್ನು ತಿರುಗಿಸಬೇಕು. ಒಂದೇ ಬಾಗಿಲು, ಒಂದೇ ಕಿಟಕಿ ಇರುವ ಚಾಳಿನ ಕೋಣೆಯಲ್ಲಿ ಇದಕ್ಕೆ ಒಂದು ಪರದೆಬಟ್ಟೆ ಸಾಕಾಗುತ್ತದೆ. ಫ್ಯಾನಿನ ಗಾಳಿ ಕಣ್ಣಿಗೆ ನೇರವಾಗಿ ಬಡಿದರೆ ಕಣ್ಣು ಒಣಗುತ್ತದೆ. ಮೊದಲ ವಾರಗಳಲ್ಲಿ ಹತ್ತು ಹದಿನೈದು ನಿಮಿಷಗಳಿಗೆ ಮಿಗಿಲಾಗಿ ಅಭ್ಯಾಸ ಬೇಡ. ಮಾತು ಹೋಗುವ ಮೊದಲೇ ಅಭ್ಯಾಸ ಆರಂಭಿಸುವುದು ಎ.ಎಲ್.ಎಸ್. ಇರುವವರಿಗೆ ಬಹಳ ಮುಖ್ಯ. ತಮ್ಮ ಚೌಕಗಳಲ್ಲಿ ಯಾವ ಮಾತುಗಳಿರಬೇಕೆಂದು ಅವರೇ ಬಾಯಿಬಿಟ್ಟು ಹೇಳಬಲ್ಲ ಕಾಲ ಅದು.

ಎಲ್ಲಿ ವಿಚಾರಿಸಬೇಕು?

ಜೋಗೇಶ್ವರಿಯಿಂದ ಪಶ್ಚಿಮ ರೈಲ್ವೆಯ ಲೋಕಲ್ ಗಾಡಿಯಲ್ಲಿ ತಲುಪಬಹುದಾದ ಎರಡು ಕೇಂದ್ರ ಸರ್ಕಾರಿ ಸಂಸ್ಥೆಗಳಿವೆ. ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಮತ್ತು ಶ್ರವಣ ಸಂಸ್ಥೆ. ಮಹಾಲಕ್ಷ್ಮಿ ನಿಲ್ದಾಣದಿಂದ ಮುಂದೆ ಹಾಜಿ ಅಲಿಯ ಬಳಿ 1955ರಲ್ಲಿ ಆರಂಭವಾದ ಅಖಿಲ ಭಾರತ ಭೌತಿಕ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ. ಮೊದಲನೆಯದು ಮಾತಿನ ತೊಂದರೆಗೆ, ಎರಡನೆಯದು ಅಂಗಗಳ ಚಲನೆ ಮತ್ತು ಕೂರುವ ಭಂಗಿಯ ಪ್ರಶ್ನೆಗಳಿಗೆ ಸಂಬಂಧಿಸಿದುದು. ಕರ್ನಾಟಕದಲ್ಲಿರುವವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು, ಬೆಂಗಳೂರಿನ ನಿಮ್ಹಾನ್ಸ್ ಅಥವಾ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕವನ್ನು ಸಂಪರ್ಕಿಸಬಹುದು. ಹೋಗುವಾಗ ರೋಗಿಯು ಮನೆಯಲ್ಲಿ ಹೇಗೆ ಕೂರುತ್ತಾರೆ, ಹೇಗೆ ಮಲಗುತ್ತಾರೆ ಎಂಬುದರ ಕೆಲವು ಫೋಟೋಗಳನ್ನು ಒಯ್ದರೆ ಪರೀಕ್ಷಿಸುವವರಿಗೆ ಅನುಕೂಲ.

1995ರ ಅಂಗವಿಕಲರ ಅಧಿನಿಯಮದ ಸ್ಥಾನದಲ್ಲಿ ಬಂದು 2017ರ ಏಪ್ರಿಲಿನಿಂದ ಜಾರಿಯಲ್ಲಿರುವ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ವಿಕಲತೆಗಳ ಸಂಖ್ಯೆಯನ್ನು 21ಕ್ಕೆ ಏರಿಸಿತು. ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ದೀರ್ಘಕಾಲಿಕ ನರರೋಗಗಳು ಅದರಲ್ಲಿ ಸೇರಿವೆ. ಶೇಕಡ 40ಕ್ಕೆ ಕಡಿಮೆಯಿಲ್ಲದ ವಿಕಲತೆಯ ಪ್ರಮಾಣಪತ್ರವು ಹಲವು ಸೌಲಭ್ಯಗಳಿಗೆ ಆಧಾರವಾಗಿದೆ. ಮಾತಿನ ತೊಂದರೆಯುಳ್ಳ ಮಕ್ಕಳಿಗೆ ಶಿಕ್ಷಣದಲ್ಲಿ ಬದಲಿ ಸಂವಹನ ವಿಧಾನಗಳನ್ನು ಒದಗಿಸುವಂತೆ ಅಧಿನಿಯಮ ವಿಧಿಸುತ್ತದೆ. ಅಷ್ಟೇ ಮುಖ್ಯವಾದ ಇನ್ನೊಂದು ಅಂಶ ಹೆಚ್ಚು ಜನರಿಗೆ ತಿಳಿದಿಲ್ಲ. ವಿಕಲಚೇತನರು ತಾವು ಬಯಸುವ ಭಾಷೆಯಲ್ಲಿ, ತಾವು ಬಯಸುವ ಸಂವಹನ ವಿಧಾನದಲ್ಲಿ ಸಾಕ್ಷ್ಯವನ್ನೂ ಅಭಿಪ್ರಾಯವನ್ನೂ ದಾಖಲಿಸಲು ಅಗತ್ಯವಾದ ಸಲಕರಣೆಗಳನ್ನು ಸರ್ಕಾರವು ಒದಗಿಸಬೇಕೆಂದು ಅದೇ ಅಧಿನಿಯಮ ಹೇಳುತ್ತದೆ. ಊರಿನ ಜಮೀನಿನ ವ್ಯಾಜ್ಯ ನ್ಯಾಯಾಲಯಕ್ಕೆ ಬಂದಾಗ, ಕೈ ಆಡದ, ಮಾತು ಬಾರದ ವ್ಯಕ್ತಿಯು ತನ್ನ ಹೇಳಿಕೆಯನ್ನು ಕನ್ನಡದಲ್ಲಿ, ಕಣ್ಣಿನ ನೋಟದಿಂದ ದಾಖಲಿಸಲು ಅನುವು ಮಾಡಿಕೊಡಬೇಕೆಂದು ಕೇಳಬಹುದಾಗಿದೆ.